ನನ್ನ ತರಗತಿಯನ್ನೇ ಅಧ್ಯಯನ ಮಾಡಿ ಪೇಪರ್ ಬರೆಯಬಹುದೇ? ವಿನ್ಯಾಸ, ಎಥಿಕ್ಸ್, ಜರ್ನಲ್ ಬಗ್ಗೆ ಸಲಹೆ ಬೇಕು

ಹೈದಿನಾಡು_ಫಿಸಿಯೋ:
ನಮಸ್ಕಾರ. ಫಿಸಿಯಾಲಜಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಮೆಡಿಕಲ್ ಎಜುಕೇಶನ್ ಬೇಸಿಕ್ ಕೋರ್ಸ್ ಆಗಿದೆ, ಬಿಸಿಬಿಆರ್ (ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್) ಸರ್ಟಿಫಿಕೇಟ್ ಕೂಡ ಬಂದಿದೆ. ಬಡ್ತಿಗೆ ಪೇಪರ್ ಬೇಕು. ಲ್ಯಾಬ್ ಕೆಲಸಕ್ಕೆ ಅನುದಾನವಿಲ್ಲ, ಹಾಗಾಗಿ 150 ವಿದ್ಯಾರ್ಥಿಗಳ ಮೊದಲ ವರ್ಷದ ಬ್ಯಾಚ್‌ನಲ್ಲೇ ಅಧ್ಯಯನ ಮಾಡುವ ಯೋಚನೆ. ಕಾರ್ಡಿಯಾಕ್ ಸೈಕಲ್ ಅನ್ನು (ಹೃದಯ ಬಡಿತದ ಹಂತಗಳು) ರೋಗಿಯ ಕೇಸ್ ಕೊಟ್ಟು ಕಲಿಸುವುದು, ಪಾಠಕ್ಕೆ ಮೊದಲು 20 ಎಂಸಿಕ್ಯೂ (ಬಹು ಆಯ್ಕೆ ಪ್ರಶ್ನೆ), ಪಾಠ ಮುಗಿದ ಮೇಲೆ ಅವೇ 20, ಎರಡು ಸಲದ ಅಂಕಗಳನ್ನು ಹೋಲಿಸಲು ಪೇರ್ಡ್ ಟಿ ಟೆಸ್ಟ್. ಇಷ್ಟು ಸಾಕೇ? ನಮ್ಮದೇ ವಿದ್ಯಾರ್ಥಿಗಳು, ಎಥಿಕ್ಸ್ ಕಮಿಟಿಗೆ ಹೋಗಲೇಬೇಕೇ?

ಎಂಇಯು_ಮೇಷ್ಟ್ರು:
ಈ ವಿನ್ಯಾಸವನ್ನು ಕೈಬಿಡಿ ಸರ್. ಯಾವ ಪಾಠ ಮಾಡಿದರೂ ಪೋಸ್ಟ್-ಟೆಸ್ಟ್ ಅಂಕ ಏರುತ್ತದೆ. ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಂತರ ಕಾಣುವ ಸಂಭವ) 0.001ಕ್ಕಿಂತ ಕೆಳಗೆ ಬರುವುದೂ ಬಹುತೇಕ ಖಚಿತ. ಆದರೆ ಅದರಿಂದ ಸಾಬೀತಾಗುವುದು ಕಲಿಸಿದರೆ ಕಲಿಯುತ್ತಾರೆ ಎಂಬುದಷ್ಟೇ, ಕೇಸ್ ಪದ್ಧತಿ ಉಪನ್ಯಾಸಕ್ಕಿಂತ ಮೇಲೆಂದಲ್ಲ. ಮೇಲಾಗಿ ಅವೇ ಪ್ರಶ್ನೆಗಳನ್ನು ಎರಡು ಸಲ ಕೊಟ್ಟರೆ ಮೊದಲ ಸಲವೇ ಉತ್ತರದ ಸುಳಿವು ಸಿಕ್ಕಿರುತ್ತದೆ. ರಿವ್ಯೂವರ್ ಇದನ್ನು ಮೊದಲ ಪುಟದಲ್ಲೇ ಹಿಡಿಯುತ್ತಾರೆ.

ಕ್ರಾಸ್‌ಓವರ್ (ಗುಂಪುಗಳಿಗೆ ಪದ್ಧತಿ ಅದಲು ಬದಲಾಗುವ ವಿನ್ಯಾಸ) ಮಾಡಿ. 75ರ ಎರಡು ಗುಂಪು. ಮೊದಲ ವಿಷಯಕ್ಕೆ ಎ ಗುಂಪಿಗೆ ಕೇಸ್, ಬಿ ಗುಂಪಿಗೆ ಉಪನ್ಯಾಸ. ಎರಡನೇ ವಿಷಯಕ್ಕೆ ಅದಲು ಬದಲು. ಎಲ್ಲರಿಗೂ ಎರಡೂ ಪದ್ಧತಿ ಸಿಗುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ತಾನೇ ಹೋಲಿಕೆಯಾಗುತ್ತಾನೆ. ವಿಷಯಗಳು ಸಮಾನ ಕಷ್ಟದವಾಗಿರಲಿ, ಮೊದಲನೆಯದನ್ನು ಓದಿದರೆ ಎರಡನೆಯದು ಸುಲಭವಾಗುವಂತೆ ಇರಬಾರದು. ಕಾರ್ಡಿಯಾಕ್ ಸೈಕಲ್ ಆದ ಮೇಲೆ ಹೃದಯದ ಶಬ್ದಗಳನ್ನು ಇಟ್ಟರೆ ಕೆಟ್ಟಿತು. ಒಂದು ಹೃದಯದ್ದಾದರೆ ಇನ್ನೊಂದು ಮೂತ್ರಪಿಂಡದ್ದಿರಲಿ. ಗುಂಪು ಮಾಡುವಾಗ ಮೊದಲ ಇಂಟರ್ನಲ್ ಅಂಕಗಳ ಪ್ರಕಾರ ಮೂರು ಹಂತ ಮಾಡಿ, ಪ್ರತಿ ಹಂತದೊಳಗೆ ಕಂಪ್ಯೂಟರಿನಿಂದ ಯಾದೃಚ್ಛಿಕವಾಗಿ ಹಂಚಿ.

ಎರಡು ಗುಂಪಿಗೂ ಒಬ್ಬರೇ ಶಿಕ್ಷಕರು, ಅಷ್ಟೇ ನಿಮಿಷ. ಎರಡೂ ತರಗತಿ ಬೆನ್ನುಬೆನ್ನಿಗೆ, ಒಂದೇ ದಿನ ನಡೆಯಲಿ. ಮಧ್ಯೆ ಒಂದು ರಾತ್ರಿ ಸಿಕ್ಕರೆ ಕೇಸ್ ಶೀಟ್ ವಾಟ್ಸಾಪ್‌ನಲ್ಲಿ ಎಲ್ಲರಿಗೂ ತಲುಪಿರುತ್ತದೆ. ತಕ್ಷಣದ ಟೆಸ್ಟ್ ಒಂದನ್ನೇ ನಂಬಬೇಡಿ. 4ರಿಂದ 6 ವಾರ ಬಿಟ್ಟು, ಮುನ್ಸೂಚನೆ ಕೊಡದೆ, ಬೇರೆ ಪ್ರಶ್ನೆಗಳಿಂದ ಇನ್ನೊಂದು ಇಡಿ. ಹೊಸ ಪದ್ಧತಿಯ ಉತ್ಸಾಹ ಅಷ್ಟರಲ್ಲಿ ಇಳಿದಿರುತ್ತದೆ, ನೆನಪಿನಲ್ಲಿ ನಿಂತದ್ದೆಷ್ಟು ಎಂಬುದು ಆಗ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಅದೇ ನಿಜವಾದ ಫಲಿತಾಂಶ.

ಐಇಸಿ_ಕಾರ್ಯದರ್ಶಿ:
ಎಥಿಕ್ಸ್ ಪ್ರಶ್ನೆಗೆ: ಹೋಗಲೇಬೇಕು, ಅದೂ ಶುರು ಮಾಡುವ ಮುಂಚೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಬೋಧನಾ ವಿಧಾನಗಳ ಹೋಲಿಕೆಯನ್ನು ವಿಮರ್ಶೆಯಿಂದ ವಿನಾಯಿತಿ ಕೊಡಬಹುದಾದ ಗುಂಪಿನಲ್ಲಿ ಇಟ್ಟಿದ್ದಾರೆ, ನಿಜ. ಆದರೆ ವಿನಾಯಿತಿ ಉಂಟೋ ಇಲ್ಲವೋ ಎಂದು ತೀರ್ಮಾನಿಸುವುದು ಕಮಿಟಿ, ಸಂಶೋಧಕರಲ್ಲ. ವಿನಾಯಿತಿಗೂ ಪತ್ರ ಬೇಕು. ದತ್ತಾಂಶ ತೆಗೆದ ಮೇಲೆ ಹಿಂದಿನ ತಾರೀಖಿಗೆ ಅನುಮೋದನೆ ಕೇಳುವವರಿದ್ದಾರೆ, ಅದನ್ನು ಯಾವ ಕಮಿಟಿಯೂ ಕೊಡಬಾರದು.

ಇಲ್ಲಿ ನಿಜವಾದ ತೊಡಕು ಒತ್ತಡದ್ದು. ಇಂಟರ್ನಲ್ ಅಂಕ ಹಾಕುವವರು ನೀವೇ, ಒಪ್ಪಿಗೆ ಕೇಳುವವರೂ ನೀವೇ ಆದರೆ ಮಕ್ಕಳು ಒಲ್ಲೆ ಎನ್ನುವುದು ಹೇಗೆ? ಒಪ್ಪಿಗೆ ಪತ್ರವನ್ನು ಬೇರೆ ವಿಭಾಗದವರಿಂದ, ನೀವು ಕೋಣೆಯಲ್ಲಿಲ್ಲದಾಗ ಪಡೆಯಿರಿ. ಒಪ್ಪದವರೂ ಪಾಠಕ್ಕೆ ಕೂರಲಿ, ಟೆಸ್ಟ್ ಬರೆಯಲಿ; ಅವರ ಅಂಕ ವಿಶ್ಲೇಷಣೆಗೆ ಬರಬಾರದು, ಅಷ್ಟೇ. ಯಾರು ಒಪ್ಪಿದರೆಂಬ ಪಟ್ಟಿ ಇಂಟರ್ನಲ್ ಅಂಕಗಳು ಪ್ರಕಟವಾಗುವವರೆಗೆ ನಿಮ್ಮ ಕೈಗೆ ಸಿಗಬಾರದು. ಅಧ್ಯಯನದ ಟೆಸ್ಟ್ ಅಂಕ ಇಂಟರ್ನಲ್‌ಗೆ ಸೇರುವುದಿಲ್ಲ ಎಂದು ಮಾಹಿತಿ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಾಳೆಯ ಮೇಲೆ ರೋಲ್ ನಂಬರ್ ಬೇಡ, ಕೋಡ್ ಹಾಕಿಸಿ.

ಬಯೋಸ್ಟಾಟ್_ದಾವಣಗೆರೆ:
ಆ ಎಂಸಿಕ್ಯೂಗಳನ್ನು ಮೊದಲು ತೂಗಿ ನೋಡಿ. ಅಳತೆಗೋಲೇ ಸರಿಯಿಲ್ಲದಿದ್ದರೆ ಕ್ರಾಸ್‌ಓವರ್ ಮಾಡಿ ಏನು ಫಲ?

ನಿಮ್ಮ ವಿಭಾಗದ ಹಿಂದಿನ ಇಂಟರ್ನಲ್ ಉತ್ತರಗಳು ಇದ್ದೇ ಇರುತ್ತವೆ, ಕಮಿಟಿಯ ಪತ್ರ ಪಡೆದು ಅದರಿಂದಲೇ ಶುರು ಮಾಡಿ. 150 ಜನರನ್ನು ಅಂಕದ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ 27 ಶೇಕಡಾ ಮತ್ತು ಕೆಳಗಿನ 27 ಶೇಕಡಾ ತೆಗೆದುಕೊಳ್ಳಿ. ಅಂದರೆ ಸುಮಾರು 40, 40. ಒಂದು ಪ್ರಶ್ನೆಗೆ ಮೇಲಿನವರಲ್ಲಿ 32, ಕೆಳಗಿನವರಲ್ಲಿ 14 ಜನ ಸರಿ ಉತ್ತರ ಬರೆದರೆನ್ನಿ. ಡಿಫಿಕಲ್ಟಿ ಇಂಡೆಕ್ಸ್ (ಸರಿ ಉತ್ತರ ಬರೆದವರ ಪಾಲು) 46 ಭಾಗಿಸು 80, ಅಂದರೆ 57.5 ಶೇಕಡಾ. ಡಿಸ್ಕ್ರಿಮಿನೇಶನ್ ಇಂಡೆಕ್ಸ್ (ಜಾಣರನ್ನು ಹಿಂದುಳಿದವರಿಂದ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬ ಅಳತೆ) 18 ಭಾಗಿಸು 40, ಅಂದರೆ 0.45. ಒಳ್ಳೆಯ ಪ್ರಶ್ನೆ. 30ರಿಂದ 70 ಶೇಕಡಾ ನಡುವೆ ಡಿಫಿಕಲ್ಟಿ ಇಂಡೆಕ್ಸ್, 0.2ಕ್ಕಿಂತ ಹೆಚ್ಚು ಡಿಸ್ಕ್ರಿಮಿನೇಶನ್ ಇದ್ದರೆ ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ಡಿಸ್ಕ್ರಿಮಿನೇಶನ್ ಮೈನಸ್ ಬಂದರೆ ಮೊದಲು ಕೀ ಉತ್ತರ ಪರೀಕ್ಷಿಸಿ. ಕೀ ಸರಿಯಿದ್ದರೆ ಪ್ರಶ್ನೆಯ ವಾಕ್ಯ ಜಾಣರನ್ನೇ ದಾರಿ ತಪ್ಪಿಸುತ್ತಿದೆ. 5 ಶೇಕಡಾಕ್ಕಿಂತ ಕಡಿಮೆ ಜನ ಆರಿಸಿದ ತಪ್ಪು ಆಯ್ಕೆ ಸುಮ್ಮನೆ ಜಾಗ ತುಂಬಿದೆ, ಬದಲಿಸಿ. "ಮೇಲಿನ ಎಲ್ಲವೂ" ಎಂಬ ಆಯ್ಕೆಯನ್ನಂತೂ ದಯವಿಟ್ಟು ಕಿತ್ತುಹಾಕಿ.

ಹೈದಿನಾಡು_ಫಿಸಿಯೋ:
ತುಂಬಾ ಧನ್ಯವಾದ. ಬಯೋಸ್ಟಾಟ್ ಮೇಡಂ/ಸರ್, ಈ ಐಟಂ ಅನಾಲಿಸಿಸ್ (ಪ್ರಶ್ನೆಗಳ ಪರಿಶೀಲನೆ) ಒಂದನ್ನೇ ಪ್ರಕಟಿಸಿದರೆ ಆಗುವುದಿಲ್ಲವೇ?

ಬಯೋಸ್ಟಾಟ್_ದಾವಣಗೆರೆ:
ಬರೀ ಕೋಷ್ಟಕ ಕಳಿಸಿದರೆ ಈಗ ಒಳ್ಳೆಯ ಜರ್ನಲ್‌ಗಳು ಹಿಂತಿರುಗಿಸುತ್ತವೆ, ಅಂಥವು ಸಾಕಷ್ಟು ಬಂದಾಗಿದೆ. ದುರ್ಬಲ ಪ್ರಶ್ನೆಗಳನ್ನು ತಿದ್ದಿ, ಮುಂದಿನ ಬ್ಯಾಚ್‌ಗೆ ಕೊಟ್ಟು, ಇಂಡೆಕ್ಸ್ ಬದಲಾಯಿತೇ ಎಂದು ತೋರಿಸಿ. ಯಾವ ಬಗೆಯ ತಿದ್ದುಪಡಿ ಫಲ ಕೊಟ್ಟಿತು ಎಂದು ವಿಂಗಡಿಸಿದರೆ ಓದುವ ಶಿಕ್ಷಕರಿಗೂ ಉಪಯೋಗ.

ಎಂಇಯು_ಮೇಷ್ಟ್ರು:
ಜರ್ನಲ್ ವಿಷಯ ಸೇರಿಸುತ್ತೇನೆ. ಬಡ್ತಿಗೆ ಎನ್‌ಎಂಸಿಯ 2022ರ ನಿಯಮದಲ್ಲಿ ಮೂಲ ಸಂಶೋಧನೆ, ಮೆಟಾ-ಅನಾಲಿಸಿಸ್, ಸಿಸ್ಟಮ್ಯಾಟಿಕ್ ರಿವ್ಯೂ, ಕೇಸ್ ಸೀರೀಸ್ ಮಾತ್ರ ಲೆಕ್ಕಕ್ಕಿದ್ದವು. ಹೆಸರು ಮೊದಲ ಮೂವರಲ್ಲಿರಬೇಕು ಅಥವಾ ಕರೆಸ್ಪಾಂಡಿಂಗ್ ಲೇಖಕರಾಗಿರಬೇಕು. 2025ರಲ್ಲಿ ಹೊಸ ನಿಯಮ ಬಂದಿದೆ, ಫಾರ್ವರ್ಡ್ ಆಗಿ ಬಂದ ಸಾರಾಂಶ ನಂಬದೆ ಎನ್‌ಎಂಸಿ ಜಾಲತಾಣದ ಪಠ್ಯವನ್ನೇ ಓದಿ. ಜರ್ನಲ್‌ನ ಮುಖಪುಟದಲ್ಲಿ ಸ್ಕೋಪಸ್ (ಜರ್ನಲ್‌ಗಳ ಸೂಚಿ) ಲಾಂಛನ ಕಂಡಿತೆಂದು ಹಣ ಕಟ್ಟಬೇಡಿ. ಸ್ಕೋಪಸ್‌ನ ಪಟ್ಟಿಯಲ್ಲೇ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತು ಸಂಖ್ಯೆ) ಹಾಕಿ ಹುಡುಕಿ, ನಿಲ್ಲಿಸಲಾಗಿದೆ ಎಂದು ಪಕ್ಕದಲ್ಲಿ ಬರೆದಿದೆಯೇ ನೋಡಿ. ಡಿಒಎಜೆಯಲ್ಲೂ (ಮುಕ್ತವಾಗಿ ಓದಬಹುದಾದ ಜರ್ನಲ್‌ಗಳ ಪಟ್ಟಿ) ಹಾಗೆಯೇ. ಸಲ್ಲಿಸುವ ದಿನ ಮತ್ತು ಅಂಗೀಕಾರವಾದ ದಿನ ಆ ಪುಟದ ಸ್ಕ್ರೀನ್‌ಶಾಟ್ ತಾರೀಖು ಸಮೇತ ಇಟ್ಟುಕೊಳ್ಳಿ, ಬಡ್ತಿ ಫೈಲ್‌ಗೆ ಬೇಕಾಗುತ್ತದೆ.