ಪದಚರ್ಚೆ: ಸಿಎಂಎಸ್ ಪರಿಚಯ ಬರೆಯಲು ಪದಗಳು – ಕಂಟೆಂಟ್, ಪೋಸ್ಟ್, ಸ್ಲಗ್ ಇತ್ಯಾದಿ

ಎಲ್ಲರಿಗೂ ನಮಸ್ಕಾರ,

ಸ್ವಂತ ವೆಬ್‌ಸೈಟ್ ಮಾಡಬೇಕು, ಆದರೆ ಕೋಡ್ ಬರೆಯಲು ಬರುವುದಿಲ್ಲ ಅನ್ನುವವರಿಗಾಗಿ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ನಡುನಡುವೆ ಅದೇ ಥರದ ಡ್ರೂಪಲ್, ಜೂಮ್ಲಾ ಕೂಡ ಬರುತ್ತವೆ. ಎಷ್ಟೋ ಪದಗಳಿಗೆ ಕನ್ನಡ ಸಲೀಸಾಗಿ ಸಿಕ್ಕಿತು. ಕೆಲವು ಮಾತ್ರ ಎಲ್ಲಿ ಇಟ್ಟರೂ ಸರಿಯಾಗಿ ಕೂರುತ್ತಿಲ್ಲ. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲ ತೊಡಕು ಹೆಸರಲ್ಲೇ ಇದೆ. ಇಂಥ ತಂತ್ರಾಂಶಗಳಿಗೆ ಸಿಎಂಎಸ್ (ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಅನ್ನುತ್ತಾರೆ. ಅದಕ್ಕೆ 'ವಿಷಯ ನಿರ್ವಹಣಾ ವ್ಯವಸ್ಥೆ' ಅಂತ ಬರೆಯುವುದನ್ನು ನೋಡಿದ್ದೇನೆ. ಹೊಸಬರಿಗೆ ಇದರಿಂದ ಏನು ತಿಳಿಯುತ್ತದೆ ಹೇಳಿ? ಆ ತಂತ್ರಾಂಶ ಮಾಡುವ ಕೆಲಸ ಹೀಗಿದೆ: ನಾವು ಬರೆದದ್ದನ್ನು ಡೇಟಾಬೇಸಿನಲ್ಲಿ, ಚಿತ್ರಗಳನ್ನು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದು ಹೇಗೆ ಕಾಣಬೇಕು ಅನ್ನುವುದನ್ನು ಥೀಮ್ ನೋಡಿಕೊಳ್ಳುತ್ತದೆ. ಯಾರಾದರೂ ಪುಟ ತೆರೆದಾಗ ಎರಡನ್ನೂ ಸೇರಿಸಿ ತೋರಿಸುತ್ತದೆ. ಹಾಗಾಗಿ ಥೀಮ್ ಬದಲಿಸಿದರೂ ಬರೆದದ್ದು ಹಾಗೇ ಇರುತ್ತದೆ. ಆ ಉಳಿಯುವ ಭಾಗವೇ ಕಂಟೆಂಟ್. 'ವಿಷಯ' ಅಂದರೆ ಈ ಅರ್ಥ ಬರುವುದಿಲ್ಲ. ಮೇಲಾಗಿ ಇಮೇಲ್‌ನ ಸಬ್ಜೆಕ್ಟ್ ಸಾಲಿಗೂ ನಾವು ವಿಷಯ ಅಂತಲೇ ಹೇಳುತ್ತೇವೆ. 'ತಿರುಳು' ಅಂದರೆ ಸಾರ ಮಾತ್ರ. 'ಬರಹ' ಅಂದರೆ ಚಿತ್ರ, ವಿಡಿಯೊ ಹೊರಗುಳಿಯುತ್ತವೆ. ಸದ್ಯಕ್ಕೆ ನಾನು ಸಿಎಂಎಸ್, ಕಂಟೆಂಟ್ ಎರಡನ್ನೂ ಹಾಗೇ ಇಟ್ಟು, ಮೊದಲ ಸಲ ಬಂದಾಗ ಮೇಲಿನ ವಿವರಣೆ ಕೊಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಇದ್ದರೆ ಖುಷಿಯಿಂದ ಬದಲಿಸುತ್ತೇನೆ.

ಎರಡನೆಯದು ಓಪನ್ ಸೋರ್ಸ್. ಮುಕ್ತ ಆಕರ, ಮುಕ್ತ ಮೂಲ, ತೆರೆದ ಆಕರ, ಎಲ್ಲವೂ ಓಡಾಡುತ್ತಿವೆ. 'ಆಕರ' ಅಂದ ಕೂಡಲೇ ಆಕರ ಗ್ರಂಥ ನೆನಪಾಗುತ್ತದೆ. 'ಮೂಲ' ಅಂದರೆ ಹುಟ್ಟಿದ ಜಾಗ ಅಂತಲೂ ಆಗುತ್ತದೆ. ಇಲ್ಲಿ ತೆರೆದಿರುವುದು ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದಿರುವ ಸಾಲುಗಳು. ಅದಕ್ಕೇ 'ಮುಕ್ತ ತಂತ್ರಾಂಶ' ಅಂದು, ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಅಂತ ಜೊತೆಗೆ ಹೇಳುವುದು ನನಗೆ ಸರಿ ಅನ್ನಿಸುತ್ತದೆ. 'ಉಚಿತ' ಅಂತ ಬರೆಯುವುದಕ್ಕೆ ಮಾತ್ರ ನನ್ನ ವಿರೋಧ ಇದೆ. ವರ್ಡ್‌ಪ್ರೆಸ್ ಜಿಪಿಎಲ್ ಅನ್ನುವ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿದೆ. ಆ ಪರವಾನಗಿ ದುಡ್ಡು ತೆಗೆದುಕೊಳ್ಳಬೇಡಿ ಅನ್ನುವುದಿಲ್ಲ. ಥೀಮ್, ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ತುಣುಕು) ಮಾರುವವರು ಬೇಕಾದಷ್ಟು ಜನ ಇದ್ದಾರೆ. ಸೈಟ್ ಇಡುವ ಜಾಗಕ್ಕೆ (ಹೋಸ್ಟಿಂಗ್), ಡೊಮೇನ್ ಹೆಸರಿಗೆ ಹೇಗೂ ಖರ್ಚು ಇದ್ದೇ ಇದೆ. ಇಂಗ್ಲಿಷಿನಲ್ಲಿ ಫ್ರೀ ಅನ್ನುವ ಒಂದೇ ಪದ ಎರಡು ಅರ್ಥ ಹೊತ್ತು ಗೊಂದಲ ಮಾಡಿತು. ನಮ್ಮಲ್ಲಿ ಸ್ವತಂತ್ರ, ಪುಕ್ಕಟೆ ಎರಡೂ ಬೇರೆ ಬೇರೆ ಇವೆ. ಅವರ ಗೊಂದಲವನ್ನು ನಾವು ಸುಮ್ನೆ ಆಮದು ಮಾಡಿಕೊಳ್ಳುವುದು ಯಾಕೆ, ಅಲ್ವಾ?

ಇಲ್ಲಿ ಒಂದು ಪದ ತಾನಾಗಿಯೇ ಒದಗಿ ಬಂತು: ಫೋರ್ಕ್‌ಗೆ, ಅಂದರೆ ಇರುವ ಕೋಡಿನಿಂದ ಬೇರೆ ತಂತ್ರಾಂಶ ಬೆಳೆಸುವುದಕ್ಕೆ, 'ಕವಲು'. ಬಿ2 ಕೆಫೆಲಾಗ್ ಅನ್ನುವ ತಂತ್ರಾಂಶದ ಕೆಲಸ ನಿಂತುಹೋದಾಗ ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಅದೇ ಕೋಡ್ ತೆಗೆದುಕೊಂಡು ಮುಂದುವರಿಸಿದರು. 2003ರ ಮೇ ತಿಂಗಳಲ್ಲಿ ಅದು ವರ್ಡ್‌ಪ್ರೆಸ್ ಆಗಿ ಹೊರಬಂತು. 2005ರಲ್ಲಿ ಮ್ಯಾಂಬೊ ಅನ್ನುವ ಸಿಎಂಎಸ್‌ನಿಂದ ಜೂಮ್ಲಾ ಹುಟ್ಟಿದ್ದೂ ಕವಲೊಡೆದೇ. 'ಬಿ2ದಿಂದ ಕವಲೊಡೆದದ್ದು ವರ್ಡ್‌ಪ್ರೆಸ್' ಅಂದರೆ ವಿವರಣೆಯೇ ಬೇಡ. ಇದರ ಬಗ್ಗೆ ಚರ್ಚೆ ಬೇಡ ಅಂತ ನನ್ನ ಕೋರಿಕೆ!

ಈಗ ಪೋಸ್ಟ್ ಮತ್ತು ಪೇಜ್. ಹೊಸಬರು ಜಾಸ್ತಿ ತಡವರಿಸುವುದು ಇಲ್ಲೇ. ಪೋಸ್ಟ್‌ಗೆ ತಾರೀಖು ಮುಖ್ಯ. ಹೊಸದು ಮೇಲೆ, ಹಳೆಯದು ಕೆಳಗೆ. ಪೇಜ್‌ಗೆ ಆ ಸರದಿ ಇಲ್ಲ. 'ನಮ್ಮ ಬಗ್ಗೆ', 'ಸಂಪರ್ಕ' ಥರದ್ದು. ಒಂದು ಪೇಜಿನ ಕೆಳಗೆ ಇನ್ನೊಂದನ್ನು ಸೇರಿಸಬಹುದು. ಪೇಜ್‌ಗೆ 'ಪುಟ' ಅಂದರೆ ಮುಗಿಯಿತು. ಪೋಸ್ಟ್‌ಗೆ? 'ಬರಹ' ಅಂತ ಹಾಕಿದೆ. ಆದರೆ ಪುಟದಲ್ಲಿರುವುದೂ ಬರಹವೇ ತಾನೇ? 'ಲೇಖನ' ಅಂದರೆ ಎರಡು ಸಾಲಿನ ಪ್ರಕಟಣೆಗೆ ಭಾರ ಜಾಸ್ತಿ ಆಯಿತು. ಜೂಮ್ಲಾದಲ್ಲಿ ಆರ್ಟಿಕಲ್ ಅಂತಲೇ ಇರುವುದರಿಂದ 'ಲೇಖನ' ಅಲ್ಲಿಗೆ ಇರಲಿ.

ಇನ್ನೊಂದು ಸಿಕ್ಕು ಒಳಗಡೆ ಇದೆ. ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಪೋಸ್ಟ್, ಪೇಜ್, ಮೆನುವಿನ ಸಾಲುಗಳು, ತಿದ್ದುವ ಮೊದಲಿನ ಹಳೆಯ ಪ್ರತಿಗಳು, ಎಲ್ಲವೂ ಪೋಸ್ಟ್ಸ್ ಅನ್ನುವ ಒಂದೇ ಕೋಷ್ಟಕದಲ್ಲಿ ಕೂರುತ್ತವೆ. ಒಂದೊಂದಕ್ಕೂ 'ಪೋಸ್ಟ್ ಟೈಪ್' ಅಂತ ಗುರುತು ಇರುತ್ತದೆ. ಅದನ್ನು 'ಬರಹದ ಬಗೆ' ಅನ್ನೋಣ ಅಂದರೆ, ಮೆನುವಿನ ಸಾಲು ಯಾವ ಬರಹ? ಹಾಗಾಗಿ ನನ್ನ ಒಲವು 'ಪೋಸ್ಟ್' ಕಡೆಗೇ. 'ಒಂದು ಪೋಸ್ಟ್ ಹಾಕು' ಅನ್ನುವುದು ಈಗ ಮನೆಮಾತಾಗಿದೆ. ಡ್ರೂಪಲ್‌ನವರು ಲೇಖನ, ಪುಟ ಥರದ ಕಂಟೆಂಟ್‌ಗೆಲ್ಲ ಸೇರಿ 'ನೋಡ್' ಅಂತ ಇಟ್ಟುಕೊಂಡಿದ್ದಾರೆ. ಅದನ್ನು ಕನ್ನಡದಲ್ಲಿ ಬರೆದರೆ 'ನೋಡ್ ನೋಡಿ' ಅನ್ನುವ ಸಾಲುಗಳು ಬರುತ್ತವೆ, ಏನು ಮಾಡುವುದು!

ಕೆಟಗರಿಗೆ 'ವರ್ಗ'ಕ್ಕಿಂತ 'ವಿಭಾಗ' ವಾಸಿ. 'ಈ ಪೋಸ್ಟ್ ವರ್ಗವಾಗಿದೆ' ಅಂದರೆ ಬೇರೆ ಊರಿಗೆ ಹೋಯಿತೇನೋ ಅನ್ನಿಸುತ್ತದೆ. ಟ್ಯಾಗ್ ಅನ್ನು 'ಹಣೆಪಟ್ಟಿ' ಮಾಡಬೇಡಿ. ಅದು ಯಾರಿಗಾದರೂ ಕಟ್ಟುವ ಕೆಟ್ಟ ಹೆಸರು. ಟ್ಯಾಗ್ ಟ್ಯಾಗೇ ಆಗಿರಲಿ.

ಸ್ಲಗ್ ಬಗ್ಗೆ ಮಾತ್ರ ನಿಜಕ್ಕೂ ನಿಮ್ಮ ನೆರವು ಬೇಕು. ನಿಘಂಟಿನಲ್ಲಿ ಹುಡುಕಿದರೆ ಚಿಪ್ಪಿಲ್ಲದ ಬಸವನಹುಳು ಸಿಗುತ್ತದೆ. ಇಂಗ್ಲಿಷ್ ಪತ್ರಿಕೆಗಳ ಕಚೇರಿಯಲ್ಲಿ ಸುದ್ದಿ ಅಚ್ಚಾಗುವ ತನಕ ಅದನ್ನು ಗುರುತಿಸಲು ಇಡುವ ಚುಟುಕು ಹೆಸರಿಗೆ ಸ್ಲಗ್ ಅನ್ನುತ್ತಾರೆ. ವೆಬ್‌ನಲ್ಲಿ ಅದು ಪುಟದ ವಿಳಾಸದ ಕೊನೆಯ ತುಂಡು. ಕನ್ನಡದಲ್ಲಿ ಬರೆಯುವವರಿಗೆ ಇದನ್ನು ವಿವರಿಸಲೇಬೇಕು. ಯಾಕೆಂದರೆ ಇಲ್ಲಿ ಒಂದು ಪೇಚು ಇದೆ. ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಸ್ಲಗ್ ಮಾಡಿಕೊಳ್ಳುತ್ತದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ (ಕಂಪ್ಯೂಟರ್ ಎಣಿಸುವ ಬಿಡಿ ಅಕ್ಷರ) ಶೇಕಡಾ ಗುರುತು (%) ಸೇರಿ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. 'ಕನ್ನಡ' ಅನ್ನುವುದನ್ನೇ ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು ಬಿಡಿಸಿ 5. ವಿಳಾಸದಲ್ಲಿ 45! ಸ್ಲಗ್‌ಗೆ ಇರುವ ಜಾಗ 200. ಅಂದರೆ 22 ಚಿಹ್ನೆ ದಾಟಿದರೆ ಉಳಿದದ್ದು ಕತ್ತರಿಸಿ ಹೋಗುತ್ತದೆ. ಕೆಲವೊಮ್ಮೆ ಒತ್ತಕ್ಷರದ ನಡುವೆಯೇ. ಬ್ರೌಸರಿನ ಪಟ್ಟಿಯಲ್ಲಿ ಚೆಂದವಾಗಿ ಕನ್ನಡವೇ ಕಂಡರೂ, ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಎಷ್ಟೋ ಸಲ ಬರೀ ಶೇಕಡಾ ಗುರುತುಗಳ ರಾಶಿ. ಹಾಗಾಗಿ ಸ್ಲಗ್ ಅನ್ನು ಕೈಯಾರೆ, ಚಿಕ್ಕದಾಗಿ ಬರೆಯಿರಿ ಅಂತ ಪರಿಚಯದಲ್ಲಿ ಒತ್ತಿ ಹೇಳಿದ್ದೇನೆ. ಹೆಸರಿಗೆ ಸದ್ಯ 'ಕೊಂಡಿಹೆಸರು' ಅಂತ ಇಟ್ಟಿದ್ದೇನೆ. ಪರ್ಮಾಲಿಂಕ್‌ಗೆ, ಅಂದರೆ ಪುಟದ ಪೂರ್ತಿ ವಿಳಾಸಕ್ಕೆ, 'ಕಾಯಂ ಕೊಂಡಿ'. ಎರಡೂ ಜೋಡಿಯಾಗಿ ನಿಲ್ಲುತ್ತವೆ ಅನ್ನಿಸಿತು. 'ಅಡ್ಡಹೆಸರು' ಅಂತ ಗೆಳೆಯರೊಬ್ಬರು ಹೇಳಿದರು, ನನಗೆ ಹಿಡಿಸಲಿಲ್ಲ.

ಬಟನ್‌ಗಳ ಮೇಲೆ 'ಪ್ರಕಟಿಸು' ಬರೆಯಬೇಕೋ 'ಪ್ರಕಟಿಸಿ' ಬರೆಯಬೇಕೋ ಅನ್ನುವುದು ಹಳೆಯ ಜಗಳ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಿದರೆ ಸಾಕು. ಬಟನ್ ಒತ್ತುವಾಗ ನಾವು ಯಂತ್ರಕ್ಕೆ ಹೇಳುತ್ತೇವೆ: ಉಳಿಸು, ಪ್ರಕಟಿಸು, ಅಳಿಸು. ಯಂತ್ರ ನಮಗೆ ಹೇಳುವಾಗ: ಶೀರ್ಷಿಕೆ ಬರೆಯಿರಿ, ಚಿತ್ರ ಆರಿಸಿ. ಯಂತ್ರಕ್ಕೆ ಬಹುವಚನದ ಮರ್ಯಾದೆ ಕೊಡುವುದು ಅತಿಯಾಯಿತು.

ಕೊನೆಯದಾಗಿ ಬಳಕೆದಾರರ ಪಾತ್ರಗಳು. ನಿರ್ವಾಹಕರು, ಸಂಪಾದಕರು, ಲೇಖಕರು ಅಂತ ಬಹುವಚನ ಹಾಕಿದರೆ ಹೆಣ್ಣು-ಗಂಡಿನ ತೊಡಕು ತಪ್ಪುತ್ತದೆ. ಕಾಂಟ್ರಿಬ್ಯೂಟರ್ ಅಂದರೆ ಬರೆಯಬಹುದು, ಆದರೆ ತಾವೇ ಪ್ರಕಟಿಸುವ ಹಾಗಿಲ್ಲ. ಬರೆದದ್ದನ್ನು ಸಂಪಾದಕರು ನೋಡಿ ಬಿಡಬೇಕು. 'ಕೊಡುಗೆದಾರರು' ಅಂದರೆ ದೇಣಿಗೆ ಕೊಟ್ಟವರ ಹಾಗೆ ಕೇಳಿಸುತ್ತದೆ. 'ಬರಹ ಕಳಿಸುವವರು' ಉದ್ದವಾದರೂ ಅರ್ಥ ಸರಿಯಾಗಿದೆ. ಸಬ್‌ಸ್ಕ್ರೈಬರ್‌ಗೆ 'ಚಂದಾದಾರರು' ಅನ್ನುವುದಂತೂ ಪೂರ್ತಿ ದಾರಿ ತಪ್ಪಿಸುತ್ತದೆ. ಇಲ್ಲಿ ಚಂದಾ ಇಲ್ಲ, ಏನೂ ಇಲ್ಲ. ಮಾಮೂಲಿ ಸೈಟಿನಲ್ಲಿ ಅವರು ಲಾಗಿನ್ ಆಗಿ ತಮ್ಮ ಹೆಸರು, ಪಾಸ್‌ವರ್ಡ್ ಬದಲಿಸಿಕೊಳ್ಳಬಹುದು, ಅಷ್ಟೇ. ಬರೀ 'ಸದಸ್ಯರು' ಅಂದರೆ ಸಾಕೇ? ಅಥವಾ 'ಓದುಗರು' ಅನ್ನಬಹುದೇ? ಲಾಗಿನ್ ಆಗದೆ ಓದುವವರೂ ಓದುಗರೇ ಅನ್ನುವುದು ನನ್ನ ಅಳುಕು.