ಓದುಗರ ಸ್ಪಂದನ: ಸಂತೋಷವಿಲ್ಲದೆ ಹೇಳುವ ಸ್ತೋತ್ರ ಸುಳ್ಳೇ?

ಕಳೆದ ಸಂಚಿಕೆಯಲ್ಲಿ ಮಾಲೂರು ತಾಲ್ಲೂಕಿನ ಸಹೋದರಿಯೊಬ್ಬರು ತಮ್ಮ ಸಂಕಟವನ್ನು ಬರೆದಿದ್ದರು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ಅತ್ತೆಯನ್ನು ಅವರು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಪ್ರತಿ ಭಾನುವಾರ ಆರಾಧನೆಯಲ್ಲಿ, ದೇವರ ಉಪಕಾರವನ್ನು ಸಭೆಯ ಮುಂದೆ ಹೇಳುವ ಸಾಕ್ಷಿಯ ಸಮಯ ಬಂದಾಗ ಎದ್ದು ನಿಂತು ‘ದೇವರು ನಡೆಸಿದ್ದಕ್ಕೆ ಸ್ತೋತ್ರ’ ಎಂದು ಕೃತಜ್ಞತೆ ಹೇಳುತ್ತಾರೆ. ಒಳಗೆ ಮಾತ್ರ ಸಂತೋಷದ ಸುಳಿವೂ ಇಲ್ಲ. ‘ಬಾಯಿಂದ ಮಾತ್ರ ಬರುವ ಸ್ತೋತ್ರ ಸುಳ್ಳಲ್ಲವೇ? ಎದ್ದು ನಿಲ್ಲುವುದನ್ನೇ ಬಿಟ್ಟುಬಿಡಲೇ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ದೀರ್ಘವಾದರೂ ಅದನ್ನು ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

ಪ್ರೀತಿಯ ತಂಗಿ,

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮುಚ್ಚಿಟ್ಟಿದ್ದ ನನ್ನದೇ ಗಾಯವೊಂದನ್ನು ನೀವು ತೆರೆದಿರಿ.

ನನ್ನ ಯಜಮಾನರು ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಂಥ ಆಳಕ್ಕೆ ಇಳಿದು, ಪಾಳಿ ಮುಗಿಸಿ, ಅವರು ಹೊಸ್ತಿಲು ತುಳಿದ ಸದ್ದು ಕೇಳಿದಾಗಲೆಲ್ಲ ನಾನು ಅಡುಗೆಮನೆಯಿಂದಲೇ ‘ಸ್ತೋತ್ರ ಸ್ವಾಮೀ’ ಎನ್ನುತ್ತಿದ್ದೆ. ಆ ಮಾತನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಐವತ್ತರ ಹತ್ತಿರ ಬಂದಿದ್ದ ಅವರು ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋಗತೊಡಗಿದರು. ರಾತ್ರಿ ಬರುವಾಗ ಮಕ್ಕಳು ಮಲಗಿರುತ್ತಿದ್ದವು. ಆ ದಿನಗಳಲ್ಲಿ ಒಂದು ಮನೆ ಪ್ರಾರ್ಥನೆಯಲ್ಲಿ ಒಬ್ಬರು ‘ಗಣಿ ಮುಚ್ಚಿದ್ದಕ್ಕೂ ಸ್ತೋತ್ರ ಹೇಳಿ, ಅಕ್ಕಾ’ ಎಂದರು. ನಾನು ಬೈಬಲನ್ನು ಮುಚ್ಚಿ ಎದ್ದುಬಂದೆ. ಮುಂದೆ ಎರಡು ವರ್ಷ ಆ ಪದ ನನ್ನ ನಾಲಿಗೆಯ ಮೇಲೆ ಬರಲಿಲ್ಲ.

ಒಂದು ಬೇಸಿಗೆಯಲ್ಲಿ ನಲ್ಲಿಗೆ ಹನ್ನೊಂದು ದಿನ ನೀರು ಬಂದಿರಲಿಲ್ಲ. ಉಳಿದಿದ್ದ ಕೊನೆಯ ಚೊಂಬು ನೀರಿನಲ್ಲಿ ಅವರ ಡಬ್ಬಿಗೆ ಅನ್ನ ಮಾಡಿ ಕಳುಹಿಸಿ, ಬೆಳಗಿನ ನಾಲ್ಕೂವರೆಗೆ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕುಳಿತಿದ್ದೆ. ನಲ್ಲಿ ಮೊದಲು ಬುಸ್ ಬುಸ್ ಎಂದು ಗಾಳಿ ಉಗುಳಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಬಿಂದಿಗೆಯ ತಳಕ್ಕೆ ನೀರು ಬಿದ್ದ ಸದ್ದಿಗೆ ನನ್ನ ಬಾಯಿಂದ ‘ಸ್ತೋತ್ರ’ ತಾನಾಗಿಯೇ ಹೊರಟಿತು. ಇಷ್ಟಕ್ಕೇ ಸೋತೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂದರೂ, ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿದಾಗ ಸೆರಗು ನೆನೆದು ಮೈಗೆ ತಂಪು ತಾಗಿತು. ಗಣಿ ಮುಚ್ಚಿದ ಮೇಲೆ ಮೊದಲ ಬಾರಿಗೆ ಅಂದು ಕಣ್ಣೀರು ಹಾಕಿದೆ.

ಯಜಮಾನರು ತೀರಿಕೊಂಡು ಏಳು ವರ್ಷಗಳಾದವು. ಗಣಿ ಮುಚ್ಚಿದ್ದಕ್ಕೆ ನಾನು ಇಂದಿಗೂ ಸ್ತೋತ್ರ ಹೇಳಿಲ್ಲ, ಹೇಳುವುದೂ ಇಲ್ಲ. ನೀರಿಗೆ ಹೇಳುತ್ತೇನೆ, ಮೊಮ್ಮಗಳು ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕುಳಿತಾಗ ಹೇಳುತ್ತೇನೆ. ನೀವು ಕೇಳಿದ್ದಕ್ಕೆ ಇದು ಉತ್ತರವೋ ಅಲ್ಲವೋ ನನಗೆ ತಿಳಿಯದು. ಯೇಸುಸ್ವಾಮಿ ಲಾಜರನ ಸಮಾಧಿಗೆ ಹೋಗುವಾಗ ಮೊದಲು ಕಣ್ಣೀರು ಬಿಟ್ಟರು, ಆಮೇಲೆ ಅದೇ ಸಮಾಧಿಯ ಮುಂದೆ ನಿಂತು ತಂದೆಗೆ ಸ್ತೋತ್ರ ಹೇಳಿದರು. ನಡುವೆ ಕಣ್ಣು ಒರಸಿಕೊಂಡರೆಂದು ಯೋಹಾನನು ತನ್ನ ಸುವಾರ್ತೆಯಲ್ಲಿ ಬರೆದಿಲ್ಲ.

— ಒಬ್ಬ ತಾಯಿ, ರಾಬರ್ಟ್‌ಸನ್‌ಪೇಟೆ

ಈ ತಾಯಿ ಬದುಕಿನಲ್ಲಿ ಕಂಡುಕೊಂಡ ಭೇದವನ್ನು ತುಮಕೂರಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ವ್ಯಾಕರಣದಲ್ಲಿ ಕಾಣುತ್ತಾರೆ.

ಮಾನ್ಯರೇ,

ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ‘ಎಲ್ಲಾದರಲ್ಲಿಯೂ’ ಕೃತಜ್ಞತಾಸ್ತುತಿ ಮಾಡಬೇಕೆನ್ನುತ್ತಾನೆ. ಇದು ಸಪ್ತಮೀ ವಿಭಕ್ತಿ. ಮೂಲ ಗ್ರೀಕಿನಲ್ಲಿಯೂ ಅರ್ಥ ಹಾಗೆಯೇ ಇದೆ. ನಾವು ಅದನ್ನು ಚತುರ್ಥಿಯಾಗಿ, ಅಂದರೆ ‘ಎಲ್ಲದಕ್ಕೂ’ ಎಂದು ಓದಿಕೊಂಡು, ರೋಗಕ್ಕೂ ಸಾವಿಗೂ ಸ್ತೋತ್ರ ಹೇಳಬೇಕೆಂದು ನೊಂದವರನ್ನು ಒತ್ತಾಯಿಸುತ್ತೇವೆ. ಎಫೆಸದವರಿಗೆ ಬರೆದ ಪತ್ರದಲ್ಲಿ ‘ಎಲ್ಲವುಗಳಿಗಾಗಿ’ ಎಂಬ ಅರ್ಥವೇ ಇದೆಯೆಂಬುದನ್ನು ನಾನು ಮರೆಮಾಚುವುದಿಲ್ಲ. ಆ ಮಾತು ನನಗೂ ಇನ್ನೂ ಕಷ್ಟದ ಮಾತೇ. ಆದರೆ ಯಾವಾಗಲೂ ಸಂತೋಷಿಸಿರಿ ಎಂದು ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದ ಅದೇ ಪೌಲನು, ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ, ಸಾಯುವ ಸ್ಥಿತಿಗೆ ಬಂದಿದ್ದ ತನ್ನ ಜೊತೆಕೆಲಸದ ಎಪಫ್ರೊದೀತನು ಬದುಕದೆ ಹೋಗಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಒಪ್ಪಿಕೊಂಡಿದ್ದಾನೆ. ಸಂತೋಷದ ಪತ್ರವೆಂದು ನಾವು ಕರೆಯುವ ಪತ್ರದಲ್ಲಿಯೇ ದುಃಖಕ್ಕೂ ಜಾಗವಿದೆ. ಸಹೋದರಿಯವರು ನಿಶ್ಚಿಂತೆಯಿಂದ ಎದ್ದು ನಿಲ್ಲಲಿ.

— ನಿವೃತ್ತ ಅಧ್ಯಾಪಕ, ತುಮಕೂರು

ಭಿನ್ನವಾದ ಅಭಿಪ್ರಾಯವೂ ಬಂದಿದೆ.

ಅತ್ತೆಯ ಸೇವೆಯನ್ನು ಭಾರವೆಂದು ಪತ್ರಿಕೆಗೆ ಬರೆದದ್ದು ಸರಿಯಲ್ಲ. ಯೇಸುವಿನಿಂದ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಸ್ತೋತ್ರ ಹೇಳಲು ಹಿಂದಿರುಗಿ ಬಂದವನು ಒಬ್ಬನೇ. ತಾನು ಆ ಒಬ್ಬನೋ, ಉಳಿದ ಒಂಬತ್ತರಲ್ಲಿ ಸೇರಿದವಳೋ ಎಂದು ಆಕೆ ಮೊಣಕಾಲೂರಿ ಕೇಳಿಕೊಳ್ಳಲಿ.

— ಸಭೆಯ ಹಿರಿಯ, ಚಿಂತಾಮಣಿ

ಸಹೋದರಿಯು ಈ ನಾಲ್ಕು ವರ್ಷಗಳಲ್ಲಿ ಸೇವೆಯನ್ನಾಗಲಿ ಆರಾಧನೆಯನ್ನಾಗಲಿ ಒಂದು ವಾರವೂ ಬಿಟ್ಟದ್ದಾಗಿ ಬರೆದಿರಲಿಲ್ಲವೆಂಬುದನ್ನು ಹಿರಿಯರ ಗಮನಕ್ಕೆ ಗೌರವಪೂರ್ವಕವಾಗಿ ತರುತ್ತೇವೆ.

ಅಮ್ಮಾ,

ನಾನು ಟೊಮ್ಯಾಟೊ ಬೆಳೆಯುವವನು. ಬೆಲೆ ಬಿದ್ದ ಒಂದು ವರ್ಷ, ಕೋಲಾರದ ಮಾರುಕಟ್ಟೆಗೆ ಸಾಗಿಸುವ ಬಾಡಿಗೆಯೂ ಹುಟ್ಟದೆ, ಹೊಲದಲ್ಲಿಯೇ ಹಣ್ಣು ಕೊಳೆಯಿತು. ಆ ವರ್ಷ ಸುಗ್ಗಿ ಹಬ್ಬಕ್ಕೆ 15 ಕೆ.ಜಿ.ಯ ಒಂದು ಬಾಕ್ಸನ್ನು ತಂದು ವೇದಿಕೆಯ ಮುಂದೆ ಇಟ್ಟೆ. ಮನಸ್ಸಿನಲ್ಲಿ ಸಾಲದ ಲೆಕ್ಕ ಓಡುತ್ತಿತ್ತು. ಹಟ್ಟಿಯಲ್ಲಿ ದನವಿಲ್ಲದೆ ಹೋದರೂ ದೇವರಲ್ಲಿ ಉಲ್ಲಾಸಪಡುವೆನೆಂದ ಪ್ರವಾದಿ ಹಬಕ್ಕೂಕನಷ್ಟು ದೊಡ್ಡ ನಂಬಿಕೆ ನನ್ನದಲ್ಲ. ಆದರೆ ಬಾಕ್ಸ್ ಹೊತ್ತದ್ದು ನಿಜ, ಅದರ ತೂಕವೂ ನಿಜ.

— ರೈತ, ಶ್ರೀನಿವಾಸಪುರ ತಾಲ್ಲೂಕು

ಕೊನೆಯ ಪತ್ರವು, ಸಹೋದರಿ ಕೇಳಿದ ಪ್ರಶ್ನೆಗೆ ಉತ್ತರಿಸದೆ, ಅವರು ಕೇಳದೆ ಬಿಟ್ಟ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತದೆ. ಎಲ್ಲ ಸಭೆಗಳವರೂ ಇದನ್ನು ಓದಬೇಕೆಂದು ನಮ್ಮ ಆಸೆ.

ಸಹೋದರಿಯವರಿಗೆ ವಂದನೆಗಳು.

ನಾನು ಶುಶ್ರೂಷಕಿ. ನಿಮ್ಮ ಪತ್ರವನ್ನು ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ, ನೀವು ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ ಎಂಬುದು. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಅದನ್ನು ನಾಲ್ಕು ವರ್ಷ ಒಬ್ಬಳೇ ಮಾಡಿದವಳು ನಿದ್ರೆಗೆಟ್ಟಿರದೆ ಇರಲಾರಳು. ಗಾಳಿ ತುಂಬುವ ಹಾಸಿಗೆ ಸಿಗುತ್ತದೆ, ಅದರಿಂದ ಸ್ವಲ್ಪ ಅನುಕೂಲವಾಗುತ್ತದೆ. ಆದರೂ ಮಗ್ಗಲು ಬದಲಿಸುವುದನ್ನು ಬಿಡುವಂತಿಲ್ಲ. ಹಸಿವಿಲ್ಲ, ಯಾವುದರಲ್ಲಿಯೂ ಆಸಕ್ತಿಯಿಲ್ಲ ಎಂಬ ಸ್ಥಿತಿ ಎರಡು ವಾರ ಮೀರಿದ್ದರೆ, ನಂಬಿಕೆ ಕುಂದಿತೆಂದು ನಿಮ್ಮನ್ನು ನೀವು ಹಳಿದುಕೊಳ್ಳದೆ ವೈದ್ಯರಿಗೆ ಹೇಳಿ. ಪ್ರವಾದಿ ಎಲೀಯನು ಅಡವಿಯ ಗಿಡದ ಕೆಳಗೆ ಸಾವನ್ನು ಬೇಡಿಕೊಂಡು ಮಲಗಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ ಮತ್ತು ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟನು. ನಿಮ್ಮ ಸ್ತೋತ್ರವನ್ನು ಪ್ರತಿ ಭಾನುವಾರ ಕೇಳಿಸಿಕೊಳ್ಳುವ ಸಭೆಯಲ್ಲಿ, ವಾರಕ್ಕೆ ಎರಡು ಮಧ್ಯಾಹ್ನ ನಿಮ್ಮ ಅತ್ತೆಯ ಬಳಿ ಕುಳಿತುಕೊಳ್ಳುವವರು ಇಬ್ಬರಾದರೂ ಸಿಗುವುದಿಲ್ಲವೇ?

— ಶುಶ್ರೂಷಕಿ, ಚಿಕ್ಕಬಳ್ಳಾಪುರ

ಮಾಲೂರಿನ ಸಹೋದರಿಯ ಒಪ್ಪಿಗೆ ಪಡೆದು, ಈ ಕೊನೆಯ ಪತ್ರದ ಪ್ರತಿಯನ್ನು ಅವರ ಸಭಾಪಾಲಕರಿಗೂ ಅಲ್ಲಿನ ಸ್ತ್ರೀಯರ ಅನ್ಯೋನ್ಯ ಕೂಟಕ್ಕೂ ಕಳುಹಿಸಿದ್ದೇವೆ.

— ಸಂಪಾದಕರು