ಜೀಪಿನ ರೇಡಿಯೇಟರ್ ಫ್ಯಾನಿಗೆ ರಿಲೇ ಮತ್ತು ಥರ್ಮೋಸ್ವಿಚ್ ಕೂಡಿಸುವ ಸರಿಯಾದ ಕ್ರಮ ಯಾವುದು?

ಸಿರುಗುಪ್ಪ_ಜೀಪು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೆಯ ಡೀಸೆಲ್ ಜೀಪಿನಲ್ಲಿ ಬೆಲ್ಟಿನಿಂದ ತಿರುಗುತ್ತಿದ್ದ ಫ್ಯಾನನ್ನು ತೆಗೆಸಿ, ಗುಜರಿಯಲ್ಲಿ ಸಿಕ್ಕ ಕಾರಿನ 12 ವೋಲ್ಟ್ ಎಲೆಕ್ಟ್ರಿಕ್ ಫ್ಯಾನನ್ನು ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ, ಹಾಕಿಸಿದ್ದೇವೆ. ವೈರಿಂಗ್ ಮಾಡಿದವರು ಬ್ಯಾಟರಿಯಿಂದ ಒಂದು ತೆಳು ವೈರನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ತಂದು, ಅಲ್ಲಿಂದ ಮತ್ತೆ ಮುಂದಕ್ಕೆ ಫ್ಯಾನಿಗೆ ಒಯ್ದಿದ್ದಾರೆ. ನಡುವೆ ಫ್ಯೂಸೂ ಇಲ್ಲ, ರಿಲೇಯೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ-ಬಂದ್ ಮಾಡುವ ಸ್ವಿಚ್ಚು) ಇಲ್ಲ. ಫ್ಯಾನ್ ಸ್ವಲ್ಪ ಹೊತ್ತು ತಿರುಗಿದರೆ ಸಾಕು, ಸ್ವಿಚ್ಚು ಕೈ ಇಡಲಾಗದಷ್ಟು ಕಾಯುತ್ತದೆ. ಅದರ ಹಿಂಬದಿಯ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಒಂದು ಲಗ್ (ವೈರಿನ ತುದಿಯ ಲೋಹದ ಕೊಂಡಿ) ಸಡಿಲವಾಗಿದೆ.

ಮಲ್ಟಿಮೀಟರಿನಲ್ಲಿ ನೋಡಿದಾಗ, ಎಂಜಿನ್ ಚಾಲೂ ಇದ್ದು ಫ್ಯಾನ್ ತಿರುಗುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದೆ, ಫ್ಯಾನಿನ ಕನೆಕ್ಟರಿನಲ್ಲಿ 11.2 ಮಾತ್ರ. ಕ್ಲಾಂಪ್ ಮೀಟರ್ 14 ಆಂಪಿಯರ್ ತೋರಿಸುತ್ತದೆ. ರಸ್ತೆಯಲ್ಲಿ ಓಡುವಾಗ ಬಿಸಿ ತೋರಿಸುವ ಮೀಟರಿನ ಮುಳ್ಳು ಸರಿಯಾಗಿಯೇ ಇರುತ್ತದೆ, ಆದರೆ ಸುಗ್ಗಿಯಲ್ಲಿ ರೈಸ್ ಮಿಲ್ಲಿನ ಮುಂದೆ ಸರದಿಯಲ್ಲಿ ನಿಂತಾಗ ಏರುತ್ತಾ ಹೋಗುತ್ತದೆ. ಓಡಿಸುವವರು ಸ್ವಿಚ್ ಹಾಕಲು ಮರೆತರೆ ಗತಿ ಏನೆಂಬ ಚಿಂತೆಯೂ ಇದೆ. ರಿಲೇಯನ್ನು ಹೇಗೆ ಕೂಡಿಸಬೇಕು, ಬಿಸಿ ನೋಡಿಕೊಂಡು ತಾನಾಗಿಯೇ ಚಾಲೂ ಆಗುವ ಸ್ವಿಚ್ಚನ್ನು (ಥರ್ಮೋಸ್ವಿಚ್) ಎಲ್ಲಿ ಕೂಡಿಸಬೇಕು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ವಿನಂತಿ. ಗಾಡಿಗೆ ಎಸಿ ಇಲ್ಲ.

ತೋರಣಗಲ್ಲು_ವೈರಿಂಗ್:
ನಮಸ್ಕಾರ ಸರ್. ನೀವು ಅಳತೆ ಮಾಡಿಯೇ ಕೇಳಿದ್ದರಿಂದ ಕೆಲಸ ಅರ್ಧ ಮುಗಿದಿದೆ. ದಾರಿಯಲ್ಲಿ 2.6 ವೋಲ್ಟ್ ಕಳೆದುಹೋಗುತ್ತಿದೆ; 14 ಆಂಪಿಯರಿನೊಂದಿಗೆ ಗುಣಿಸಿದರೆ ಸುಮಾರು 36 ವ್ಯಾಟ್ ಶಕ್ತಿ ವೈರು, ಸ್ವಿಚ್ಚು ಮತ್ತು ಲಗ್ಗುಗಳಲ್ಲೇ ಕಾವಾಗಿ ಹೋಗುತ್ತಿದೆ. ಸ್ವಿಚ್ಚು ಸುಡುವುದಕ್ಕೂ, ಫ್ಯಾನು ನಿಧಾನವಾಗಿ ತಿರುಗಿ ನಿಂತ ಗಾಡಿಗೆ ಗಾಳಿ ಸಾಲದಿರುವುದಕ್ಕೂ ಇದೊಂದೇ ಕಾರಣ. ಇನ್ನೂ ದೊಡ್ಡ ಸ್ವಿಚ್ ಹಾಕಿಸಿದರೆ ಸ್ವಿಚ್ಚು ಉಳಿಯಬಹುದು, ಫ್ಯಾನಿನ ವೇಗ ಹೆಚ್ಚಾಗುವುದಿಲ್ಲ.

ಫ್ಯಾನಿನ ದೊಡ್ಡ ಕರೆಂಟು ಬಾನೆಟ್ಟಿನ ಕೆಳಗೇ, ದಪ್ಪ ವೈರಿನಲ್ಲಿ, ಹತ್ತಿರದ ದಾರಿಯಲ್ಲಿ ಹರಿಯಬೇಕು. ಕ್ಯಾಬಿನ್ ಒಳಗೆ ಬರಬೇಕಾದದ್ದು ರಿಲೇ ಕಾಯಿಲಿನ (ರಿಲೇಯನ್ನು ಎಳೆಯುವ ಒಳಗಿನ ತಂತಿಸುರುಳಿಯ) ಸಣ್ಣ ಕರೆಂಟು ಮಾತ್ರ. 12 ವೋಲ್ಟಿನ, 40 ಆಂಪಿಯರಿನ ನಾಲ್ಕು ಪಿನ್ ರಿಲೇ ತೆಗೆದುಕೊಳ್ಳಿ. ಅದರ ಕಾಯಿಲು ಎಳೆಯುವುದು ಒಂದು ಆಂಪಿಯರಿನ ಐದರಲ್ಲೊಂದು ಪಾಲಿನ ಆಸುಪಾಸು. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸನ್ನು ದಾಟಿ ರಿಲೇಯ 30ನೇ ಪಿನ್ನಿಗೆ ಬರಲಿ (30, 87, 86, 85 ಎಂಬುವು ರಿಲೇಯ ಪಿನ್ನುಗಳ ಅಂಕಿಗಳು). 87ರಿಂದ ಫ್ಯಾನಿನ ಪಾಸಿಟಿವ್‌ಗೆ ಹೋಗಲಿ. 86ಕ್ಕೆ ಇಗ್ನಿಷನ್ ಕೀಯಿಂದ ಬರುವ ಸಪ್ಲೈ ಕೊಡಿ, 85ನ್ನು ಥರ್ಮೋಸ್ವಿಚ್ಚಿನ ಮೂಲಕ ಬಾಡಿ ಅರ್ಥಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಗಾಡಿಯ ಲೋಹದ ಮೈಗೆ, ಇಳಿಸಿ. ಬಿಸಿ ಏರಿದಾಗ ಥರ್ಮೋಸ್ವಿಚ್ ಅರ್ಥ್ ಕೊಡುತ್ತದೆ, ರಿಲೇ ಎಳೆಯುತ್ತದೆ, ಫ್ಯಾನ್ ತಿರುಗುತ್ತದೆ.

ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಬಿಸಾಡಬೇಡಿ. ಅದನ್ನು ಥರ್ಮೋಸ್ವಿಚ್ಚಿಗೆ ಸಮಾನಾಂತರವಾಗಿ, ಅಂದರೆ ಅದೂ 85ನ್ನು ನೇರವಾಗಿ ಅರ್ಥಿಗೆ ಕೊಡುವಂತೆ ಕೂಡಿಸಿ. ಸುಟ್ಟ ಸ್ವಿಚ್ಚಿನ ಬದಲು ಸಾಧಾರಣ ಚಿಕ್ಕ ಸ್ವಿಚ್ಚು ಸಾಕು. ಇವೆರಡನ್ನೂ ಒಂದರ ಹಿಂದೆ ಒಂದರಂತೆ ಸಾಲಾಗಿ ಕೂಡಿಸುವುದನ್ನು ಅನೇಕ ಗಾಡಿಗಳಲ್ಲಿ ಕಂಡಿದ್ದೇನೆ. ಹಾಗೆ ಮಾಡಿದರೆ ಚಾಲಕರು ಸ್ವಿಚ್ ಹಾಕದ ಹೊರತು ಥರ್ಮೋಸ್ವಿಚ್ ಇದ್ದೂ ಇಲ್ಲದಂತೆ. ಸಮಾನಾಂತರವಾಗಿದ್ದರೆ ಥರ್ಮೋಸ್ವಿಚ್ ಕೆಟ್ಟ ದಿನವೂ ಕೈಯಿಂದ ಫ್ಯಾನ್ ಚಾಲೂ ಮಾಡಿಕೊಂಡು ಊರು ಸೇರಬಹುದು.

ವೈರಿನ ವಿಷಯ: ದೊಡ್ಡ ಕರೆಂಟಿನ ದಾರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿ. ಮೂರು ಮೀಟರ್ ಉದ್ದಕ್ಕೆ 14 ಆಂಪಿಯರಿನಲ್ಲಿ ಅದು ಕಳೆಯುವುದು ಸುಮಾರು 0.2 ವೋಲ್ಟ್, ಅದೇ 1 ಚದರ ಮಿಲಿಮೀಟರಿನ ವೈರು 0.7 ವೋಲ್ಟಿನಷ್ಟು ತಿನ್ನುತ್ತದೆ. ಪಾಸಿಟಿವ್ ವೈರಿಗೆ ಇಷ್ಟೆಲ್ಲ ಮುತುವರ್ಜಿ ವಹಿಸಿ, ಫ್ಯಾನಿನ ನೆಗೆಟಿವ್ ವೈರನ್ನು ಬಣ್ಣ ಬಳಿದ ತಗಡಿಗೆ ಸ್ಕ್ರೂ ಹೊಡೆದು ಬಿಡುವ ರೂಢಿಯಿದೆ. ಅದೇ 14 ಆಂಪಿಯರು ಆ ದಾರಿಯಲ್ಲೇ ಮರಳಬೇಕು. ಬಣ್ಣ ಕೆರೆದು, ಹೊಳೆಯುವ ಲೋಹ ಕಂಡ ಮೇಲೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ. ಸಾಧ್ಯವಾದರೆ ನೆಗೆಟಿವ್ ವೈರನ್ನೂ ಬ್ಯಾಟರಿಗೇ ಒಯ್ಯಿರಿ. ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ, ಮಳೆ ನೀರು, ಗಾಡಿ ತೊಳೆದ ನೀರು ಒಳಗೆ ನಿಲ್ಲಬಾರದು.

ರಾಯಚೂರು_ಗ್ಯಾರೇಜು:
ಮೇಲಿನವರು ವೈರಿಂಗನ್ನು ಸರಿಯಾಗಿ ಹೇಳಿದ್ದಾರೆ. ಥರ್ಮೋಸ್ವಿಚ್ಚಿನ ಜಾಗದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯ ಬಿಸಿಲಿಗೂ ನೀರಿಗೂ ಅದು ಬಹಳ ಮುಖ್ಯ.

ರೇಡಿಯೇಟರಿನ ಕೆಳಗಿನ ಟ್ಯಾಂಕಿನಲ್ಲಿ ಕೂಡಿಸಿದರೆ ಅದಕ್ಕೆ ಮುಟ್ಟುವುದು ಆರಿದ ನೀರು, ಎಂಜಿನ್ನಿನಿಂದ ಬರುವ ಮೇಲಿನ ಹೋಸ್ ಪೈಪಿನಲ್ಲಿ ಕೂಡಿಸಿದರೆ ಬಿಸಿ ನೀರು. ಆದ್ದರಿಂದ ಒಂದೇ ಸ್ವಿಚ್ಚು ಎರಡೂ ಜಾಗಕ್ಕೆ ಹೊಂದುವುದಿಲ್ಲ. ಮೇಲಿನ ಪೈಪಿಗಾದರೆ, ಸುಮಾರು 92 ಡಿಗ್ರಿಗೆ ಚಾಲೂ ಆಗಿ 87ಕ್ಕೆ ಬಂದ್ ಆಗುವಂಥದ್ದು, ನಿಮ್ಮ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ) 82 ಡಿಗ್ರಿಯದಾಗಿದ್ದರೆ ಸರಿಹೋಗುತ್ತದೆ. ಬಂದ್ ಆಗುವ ಉಷ್ಣತೆ ಥರ್ಮೋಸ್ಟಾಟ್ ತೆರೆಯುವ ಉಷ್ಣತೆಗಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಸ್ವಿಚ್ಚಿನ ಷಟ್ಕೋನದ ತಲೆಯ ಮೇಲೆ ಈ ಅಂಕಿಗಳನ್ನು ಸಾಮಾನ್ಯವಾಗಿ ಕೊರೆದಿರುತ್ತಾರೆ, ನೋಡಿ ಕೊಳ್ಳಿರಿ. ರೇಡಿಯೇಟರಿನ ಫಿನ್ನುಗಳ (ತೆಳು ತಗಡಿನ ಪಟ್ಟಿಗಳ) ನಡುವೆ ಚುಚ್ಚುವ ಕಡ್ಡಿಯಂಥ ಸೆನ್ಸರನ್ನು ನಾನು ಒಪ್ಪುವುದಿಲ್ಲ. ನೀರಿನ ಬಿಸಿಗಿಂತ ಫಿನ್ನಿನ ಬಿಸಿಯನ್ನೇ ಅದು ನೋಡುತ್ತದೆ, ಜೊತೆಗೆ ಅದುರಾಟಕ್ಕೆ ಟ್ಯೂಬನ್ನು ಸವೆಸುತ್ತದೆ.

ಒಂಟಿ ವೈರಿನ ಸ್ವಿಚ್ಚಾದರೆ ಅರ್ಥ್ ಸಿಗುವುದು ಅದರ ಥ್ರೆಡ್ಡಿನ ಮೂಲಕ. ರೇಡಿಯೇಟರ್ ರಬ್ಬರ್ ಬುಷ್ಷಿನ ಮೇಲೆ ಕುಳಿತಿದ್ದರೆ, ಥ್ರೆಡ್ಡಿಗೆ ಟೆಫ್ಲಾನ್ ಟೇಪು ದಪ್ಪಗೆ ಸುತ್ತಿದ್ದರೆ, ಅಥವಾ ರಬ್ಬರ್ ಹೋಸಿನ ನಡುವೆ ಅಡಾಪ್ಟರ್ ಹಾಕಿದ್ದರೆ, ಅರ್ಥ್ ತಪ್ಪುತ್ತದೆ. ಎರಡು ವೈರಿನದೇ ಒಳ್ಳೆಯದು.

ಇನ್ನು ನೀರು. ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುತ್ತಾ ಬಂದರೆ ಟ್ಯೂಬಿನೊಳಗೂ ಥರ್ಮೋಸ್ವಿಚ್ಚಿನ ಮೂತಿಗೂ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಪದರ ಕಟ್ಟಿದ ಸ್ವಿಚ್ಚಿಗೆ ಬಿಸಿ ತಡವಾಗಿ ತಲುಪುತ್ತದೆ, ಫ್ಯಾನೂ ತಡವಾಗಿ ಚಾಲೂ ಆಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಕೂಲಂಟ್ ಬೆರೆಸಿ ತುಂಬಿ.

ಕೊಪ್ಪಳ_ಡೀಸೆಲ್:
86ಕ್ಕೆ ಇಗ್ನಿಷನ್ ಬದಲು ನೇರ ಬ್ಯಾಟರಿಯ ಸಪ್ಲೈ ಕೊಟ್ಟರೆ ಎಂಜಿನ್ ಬಂದ್ ಆದ ಮೇಲೂ ಫ್ಯಾನ್ ತಿರುಗಿ ತಂಪು ಮಾಡುತ್ತದಲ್ಲವೇ? ಕೆಲವು ಕಾರುಗಳಲ್ಲಿ ಕಂಪನಿಯವರೇ ಹಾಗೆ ಕೊಟ್ಟಿರುತ್ತಾರೆ.

ತೋರಣಗಲ್ಲು_ವೈರಿಂಗ್:
ಕೊಡಬಹುದು, ಆದರೆ ಈ ಜೀಪಿಗೆ ನಾನು ಬೇಡವೆನ್ನುತ್ತೇನೆ. ಎಂಜಿನ್ ನಿಂತರೆ ವಾಟರ್ ಪಂಪೂ ನಿಲ್ಲುತ್ತದೆ. ಆಗ ಫ್ಯಾನು ಹೆಚ್ಚಾಗಿ ತಂಪು ಮಾಡುವುದು ರೇಡಿಯೇಟರಿನಲ್ಲಿ ನಿಂತ ನೀರನ್ನೇ ಹೊರತು ಎಂಜಿನ್ನನ್ನಲ್ಲ. ಬಿಸಿಯಾದ ಡೀಸೆಲ್ ಎಂಜಿನ್ನನ್ನು ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಬಂದ್ ಮಾಡುವುದೇ ಲೇಸು. ಥರ್ಮೋಸ್ವಿಚ್ ಅಂಟಿಕೊಂಡರೆ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿಯಾಗುತ್ತದೆ. ಕೀ ತೆಗೆದ ಮೇಲೆ ಬಾನೆಟ್ಟಿನೊಳಗೆ ಕೈ ಹಾಕಿದವರ ಬೆರಳಿನ ಬಳಿ ಫ್ಯಾನ್ ಇದ್ದಕ್ಕಿದ್ದಂತೆ ತಿರುಗತೊಡಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಸಿರುಗುಪ್ಪ_ಜೀಪು:
ತಾವೆಲ್ಲ ಹೇಳಿದಂತೆಯೇ ಮಾಡಿಸಿದೆವು. ಮೇಲಿನ ಹೋಸಿಗೆ ಅಡಾಪ್ಟರ್ ಹಾಕಿ, ಎರಡು ವೈರಿನ ಥರ್ಮೋಸ್ವಿಚ್ ಕೂಡಿಸಿದ್ದೇವೆ. ಈಗ ಬ್ಯಾಟರಿಯಲ್ಲಿ 13.8 ಇದ್ದಾಗ ಫ್ಯಾನಿನಲ್ಲಿ 13.4 ವೋಲ್ಟ್ ಸಿಗುತ್ತಿದೆ, ಗಾಳಿಯ ರಭಸ ಕೈಗೇ ಗೊತ್ತಾಗುತ್ತದೆ. ಕ್ಲಾಂಪ್ ಮೀಟರ್ ಈಗ ಸುಮಾರು 17 ಆಂಪಿಯರ್ ತೋರಿಸುತ್ತದೆ. ಅಂಗಡಿಯವರು 20 ಆಂಪಿಯರಿನ ಫ್ಯೂಸ್ ಕೊಟ್ಟಿದ್ದರು, ಅದು ಫ್ಯಾನ್ ಶುರುವಾಗುವಾಗಲೇ ಒಮ್ಮೊಮ್ಮೆ ಹೋಗುತ್ತಿದೆ. 30ರದು ಹಾಕಬಹುದೇ?

ತೋರಣಗಲ್ಲು_ವೈರಿಂಗ್:
ಹಾಕಬಹುದು ಸರ್. ವೋಲ್ಟ್ ಹೆಚ್ಚಾದಂತೆ ಫ್ಯಾನಿನ ವೇಗವೂ ಕರೆಂಟೂ ಹೆಚ್ಚುವುದು ಸಹಜ. ನಿಂತ ಮೋಟಾರು ತಿರುಗಲು ಶುರುಮಾಡುವ ಕ್ಷಣದಲ್ಲಂತೂ ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ಫ್ಯೂಸು ಕಾಯುವುದು ವೈರನ್ನು, 4 ಚದರ ಮಿಲಿಮೀಟರಿನ ವೈರಿಗೆ 30 ಆಂಪಿಯರ್ ಹೊಂದುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ. ಮೊದಲು ಗಾಡಿ ಬಂದ್ ಇದ್ದಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ; ಗುಜರಿಯ ಮೋಟಾರಾದ್ದರಿಂದ ಬುಷ್ ಬಿಗಿಯಾಗಿದ್ದರೂ ಫ್ಯೂಸ್ ಹೀಗೆಯೇ ಹೋಗುತ್ತದೆ. ರೆಕ್ಕೆ ಸಲೀಸಾಗಿ ತಿರುಗಿದರೆ 30ರದು ಹಾಕಿ, ಬಿಗಿಯಾಗಿದ್ದರೆ ಫ್ಯೂಸ್ ಬದಲಿಸುವ ಮುಂಚೆ ಮೋಟಾರನ್ನೇ ಬದಲಿಸಿ.